ಹಗೇವಿನ ನಾಡಿಗೆ ಡಬ್ಬಿ ಆಹಾರ ಬೇಕೆ?

ಶ್ರೀರಂಗಪಟ್ಟಣ ತಾಲ್ಲೂಕಿನ ಕಾವೇರಿ ದಡದ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದ ಪತ್ರದ ಸಾರ: "ಮನೆಯಲ್ಲಿ ನಾವು ನಾಲ್ವರು, ಎರಡು ಹಸು. ಹೊರದೇಶಗಳಲ್ಲಿ ಜನ ನೆಲದಡಿ ಕೋಣೆ ಕಟ್ಟಿ ವರ್ಷಕ್ಕಾಗುವಷ್ಟು ಡಬ್ಬಿ ಆಹಾರ ಇಟ್ಟುಕೊಳ್ಳುವುದನ್ನು ಮಗ ಮೊಬೈಲಿನಲ್ಲಿ ತೋರಿಸಿದ. ನೆರೆ ಬಂದರೂ ಬರ ಬಂದರೂ ಯಾರ ಮುಂದೂ ಕೈಚಾಚದೆ ಇರಬೇಕೆಂದು ಒಂದಿಷ್ಟು ಹಣ ಎತ್ತಿಟ್ಟಿದ್ದೇವೆ. ಏನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು? ಬಾವಿಗೆ ಹೊಳೆ ನೀರು ನುಗ್ಗಿದರೆ ಅದನ್ನು ಮತ್ತೆ ಕುಡಿಯುವಂತೆ ಮಾಡುವುದು ಹೇಗೆ?"

ಸಂಪಾದಕರ ಉತ್ತರ:

ಕೊಳ್ಳಬಾರದ್ದನ್ನು ಮೊದಲು ಹೇಳಿಬಿಡುತ್ತೇವೆ. ಡಬ್ಬಿ ಆಹಾರ ಬೇಡ. ಮನೆಮಂದಿ ದಿನಾ ತಿನ್ನದ್ದನ್ನು ಆಪತ್ತಿಗೆಂದು ತಂದಿಟ್ಟರೆ ಅತ್ತ ಯಾರೂ ತಿರುಗಿ ನೋಡುವುದಿಲ್ಲ. ಬೇಕಾದ ದಿನ ತೆಗೆದರೆ ಅವಧಿ ಮುಗಿದಿರುತ್ತದೆ. ಇನ್ವರ್ಟರಿಗೂ ಬ್ಲೀಚಿಂಗ್ ಪುಡಿಗೂ ಇದೇ ಗತಿ. ನಿತ್ಯ ಬಳಸುತ್ತ, ಬಳಸಿದಷ್ಟನ್ನು ಮತ್ತೆ ತುಂಬುತ್ತ ಹೋಗುವ ದಾಸ್ತಾನನ್ನೇ ನಂಬಿ. ನಿಮಗೆ ಬೇಕಾದುದರಲ್ಲಿ ಅರ್ಧ ಈಗಾಗಲೇ ಮನೆಯಲ್ಲಿದೆ.

ನಿಮ್ಮೂರಿಗೆ ನೆರೆಯೂ ಬರವೂ ಒಂದೇ ಹೊಳೆಯಿಂದ ಬರುತ್ತವೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷ ಜುಲೈನಲ್ಲಿ ಕನ್ನಂಬಾಡಿ ಕಟ್ಟೆ (ಕೃಷ್ಣರಾಜಸಾಗರ) ತುಂಬಿ ಹೊಳೆ ಉಕ್ಕಿತು. ಮೇಲೆ ಕಟ್ಟೆ ಇದೆಯಲ್ಲ, ಅದು ತಡೆಯುತ್ತದೆ ಎಂದು ಕೂರಬೇಡಿ. 124.80 ಅಡಿ ತುಂಬಿದಾಗ ಅದರಲ್ಲಿರುವುದು 49.45 ಟಿಎಂಸಿ. ಒಳಹರಿವು 1 ಲಕ್ಷ ಕ್ಯುಸೆಕ್ ಇದ್ದರೆ ಒಂದೇ ದಿನಕ್ಕೆ 8.64 ಟಿಎಂಸಿ ಬರುತ್ತದೆ. ತುಂಬಿದ ಕಟ್ಟೆಯಲ್ಲಿ ಅದಕ್ಕೆ ಜಾಗವೆಲ್ಲಿ? ಬಂದಷ್ಟೂ ಕೆಳಗೆ ಬಿಡಲೇಬೇಕು. ಆದ್ದರಿಂದ ಕೊಡಗಿನಲ್ಲಿ ಮಳೆ ಜೋರು ಎಂಬ ಸುದ್ದಿ, ಕಟ್ಟೆ 120 ಅಡಿ ದಾಟಿತು ಎಂಬ ಸುದ್ದಿ ಎರಡೂ ಕೂಡಿಬಂದ ದಿನವೇ ನಿಮ್ಮ ಕೆಲಸ ಶುರುವಾಗಬೇಕು. ಆ ದಿನ ನಿಮ್ಮೂರಿನಲ್ಲಿ ಬಿಸಿಲು ಕಾಯುತ್ತಿದ್ದರೂ ಸರಿ. ಹಿಂದಿನ ನೆರೆಯಲ್ಲಿ ನೀರು ಗೋಡೆಯ ಮೇಲೆ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಬಣ್ಣದಿಂದ ಗೆರೆ ಎಳೆಯಿರಿ. ಕಾಳುಕಡ್ಡಿ, ಬ್ಯಾಟರಿ, ಪಹಣಿ, ಆಧಾರ್, ಪಡಿತರ ಚೀಟಿ ಎಲ್ಲವೂ ಆ ಗೆರೆಗಿಂತ ಮೂರಡಿ ಮೇಲಿರಲಿ.

ಇನ್ನು ದವಸದ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೆರೆಗೆ ಹದಿನೈದು ದಿನದ ಲೆಕ್ಕ ಸಾಕು: ತಲೆಗೆ ದಿನಕ್ಕೆ 400 ಗ್ರಾಂನಂತೆ ನಾಲ್ವರಿಗೆ ರಾಗಿ, ಅಕ್ಕಿ ಸೇರಿ 24 ಕೆ.ಜಿ., ಬೇಳೆಕಾಳು ನಾಲ್ಕು ಕೆ.ಜಿ., ಎಣ್ಣೆ ಎರಡು ಲೀಟರ್, ಬೆಲ್ಲ ಎರಡು ಕೆ.ಜಿ., ಉಪ್ಪು ಒಂದು ಕೆ.ಜಿ. ಬರಕ್ಕೆ ಇದು ಏನೇನೂ ಸಾಲದು. ಮುಂದಿನ ಬೆಳೆ ಕೈಗೆ ಬರುವವರೆಗೆ ನಡೆಯಬೇಕು. ದಿನಕ್ಕೆ ಒಂದು ಕೆ.ಜಿ. ರಾಗಿ ಎಂದು ಹಿಡಿದರೆ ವರ್ಷಕ್ಕೆ ಮೂರು ಮುಕ್ಕಾಲು ಕ್ವಿಂಟಾಲ್ ಹತ್ತಿರ ಬೇಕು. ರಾಗಿಯನ್ನೇ ಏಕೆ ಹೇಳುತ್ತೇವೆಂದರೆ, ಚೆನ್ನಾಗಿ ಒಣಗಿಸಿ ಗಾಳಿಯಾಡದಂತೆ ಇಟ್ಟರೆ ಅದು ವರ್ಷಗಟ್ಟಲೆ ಕೆಡದು. ಕಾಳು ಚಿಕ್ಕದು, ಸಿಪ್ಪೆ ಗಟ್ಟಿ, ಹುಳು ಬಾಯಿ ಹಾಕುವುದು ಕಷ್ಟ. ಹಿಟ್ಟು ಮಾಡಿದರೆ ಮಾತ್ರ ಕೆಲವೇ ವಾರಗಳಲ್ಲಿ ಕಹಿ, ಮುಗ್ಗು ವಾಸನೆ ಬರುತ್ತದೆ. ಆದ್ದರಿಂದ ಕಾಳಾಗಿಯೇ ಇಡಿ, ಮೂಲೆಗೆ ಸೇರಿದ ಬೀಸುವ ಕಲ್ಲನ್ನು ಹೊರತೆಗೆಯಿರಿ. ಕರೆಂಟು ಹೋದ ವಾರ ಹಿಟ್ಟಿನ ಗಿರಣಿ ಬಾಗಿಲು ಹಾಕಿರುತ್ತದೆ. ಅಕ್ಕಿಯನ್ನು ಹದಿನೈದು ದಿನಕ್ಕಾಗುವಷ್ಟು ಮಾತ್ರ ಮಾಡಿಸಿಕೊಂಡು ಉಳಿದದ್ದನ್ನು ಭತ್ತವಾಗಿಯೇ ಬಿಡಿ.

ನಮ್ಮ ಕಡೆಯ ಹಗೇವು, ಅಂದರೆ ನೆಲದಡಿಯ ಕಣಜ, ಕಾಳನ್ನು ಗಾಳಿಯಾಡದಂತೆ ಇಡುವ ಇದೇ ತತ್ತ್ವದ ಮೇಲೆ ನಿಂತಿತ್ತು. ಗಟ್ಟಿ ನೆಲದಲ್ಲಿ ಬಾಯಿ ಕಿರಿದು, ಹೊಟ್ಟೆ ಅಗಲವಾಗಿ ಗುಂಡಿ ತೋಡಿ, ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ತೀರುತ್ತಿತ್ತು, ಹುಳು ಸಾಯುತ್ತಿತ್ತು. ಆದರೆ ಹೊಳೆದಡದ ನಿಮ್ಮ ನೆಲದಲ್ಲಿ ಹಗೇವು ತೋಡಬೇಡಿ, ಅಂತರ್ಜಲ ಮೇಲೆಯೇ ಇರುವುದರಿಂದ ತಳ ಜಿನುಗಿ ರಾಗಿ ಕೊಳೆಯುತ್ತದೆ. ಒಣ ಸೀಮೆಯಲ್ಲಿ ಹಳೆಯ ಹಗೇವು ಇರುವ ಓದುಗರಿಗೂ ಒಂದು ಮಾತು: ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಸಬೇಡಿ. ಗಂಟೆಗಟ್ಟಲೆ ಗಾಳಿಯಾಡಲು ಬಿಟ್ಟು ದೀಪ ಇಳಿಬಿಡಿ. ದೀಪ ಆರಿದರೆ ಒಳಗೆ ಸಾವಿದೆ. ಉರಿದರೂ ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿರಬೇಕು. ಒಳಗೆ ಕುಸಿದವರನ್ನು ಎತ್ತಲು ಹಿಂದೆಯೇ ಇನ್ನೊಬ್ಬರು ಇಳಿದರೆ ಅವರ ಜೀವವೂ ಹೋಗುತ್ತದೆ.

ನಿಮಗೆ ಬಿಗಿ ಮುಚ್ಚಳದ ಡಬ್ಬಗಳೇ ಹಗೇವು. ದೊಡ್ಡ ಡ್ರಮ್ಮಿಗಿಂತ 50 ಕೆ.ಜಿ. ಹಿಡಿಯುವ ಏಳೆಂಟು ಡಬ್ಬ ಮೇಲು. ನೀರು ಬರುವ ರಾತ್ರಿ ಇಬ್ಬರು ಎತ್ತಿ ಅಟ್ಟಕ್ಕೋ ತಾರಸಿಗೋ ಸಾಗಿಸಬಹುದು. ಒಂದಕ್ಕೆ ಹುಳು ಬಿದ್ದರೂ ಉಳಿದವು ಉಳಿಯುತ್ತವೆ. ಕಂಠದವರೆಗೆ ತುಂಬಿರಿ; ಅರೆ ತುಂಬಿದ ಡಬ್ಬದಲ್ಲಿ ಗಾಳಿಯೂ ಹುಳುವೂ ಉಳಿಯುತ್ತವೆ. ತೇವ ಶೇ. 12ಕ್ಕಿಂತ ಕಡಿಮೆಯಿರಬೇಕು. ಒಣಗಿದ ಗಾಜಿನ ಸೀಸೆಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15 ದಾಟಿದೆ ಎಂದು ಅರ್ಥ. ಅಂಟದಿದ್ದರೂ ಇನ್ನೊಂದು ದಿನದ ಬಿಸಿಲು ಕೊಡಿ. ಒಣಗಿಸಿದ್ದನ್ನು ಬಿಸಿಬಿಸಿಯಾಗಿ ತುಂಬುವುದೇ ಹೆಚ್ಚಿನವರು ಮಾಡುವ ತಪ್ಪು. ರಾತ್ರಿ ಡಬ್ಬದ ಗೋಡೆ ತಣಿದಾಗ ಒಳಗೆ ಬೆವರೊಡೆದು ಮೇಲಿನ ಪದರಕ್ಕೆ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಆರಿಸಿ ತುಂಬಿ. ಅವರೆ, ಹೆಸರು, ಅಲಸಂದೆಗೆ ಹುಳು ಹೊಲದಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ. ಚೆನ್ನಾಗಿ ಬಿಸಿಲು ಕಾಯಿಸಿ, ಆರಿದ ಮೇಲೆ ಕೆ.ಜಿ.ಗೆ 5 ಮಿ.ಲೀ., ಎಂದರೆ ಒಂದು ಟೀ ಚಮಚ, ಅಡುಗೆ ಎಣ್ಣೆ ಸವರಿ ಇಡಿ.

ಒಲೆ ಹಚ್ಚಲಾಗದ ದಿನಕ್ಕೆ ನಮ್ಮ ಹುರಿಹಿಟ್ಟಿನಂಥ ಆಹಾರ ಇನ್ನೊಂದಿಲ್ಲ. ಸೈನಿಕರ ಸಿದ್ಧ ಆಹಾರ ರೂಪಿಸುತ್ತ ಬಂದ ಪ್ರಯೋಗಾಲಯ ಮೈಸೂರಿನಲ್ಲೇ ಇದೆ, ಆದರೆ ನಿಮ್ಮ ಅಜ್ಜಿಯ ವಿದ್ಯೆಯೇ ನಿಮಗೆ ಸಾಕು. ಒಂದು ಕೆ.ಜಿ. ಶುದ್ಧ ರಾಗಿಗೆ 80–90 ಮಿ.ಲೀ. ನೀರು ಚಿಮುಕಿಸಿ ಕಲಸಿ, ಕೆಲವು ಗಂಟೆ ಮುಚ್ಚಿಡಿ. ಬಾಣಲೆಯಲ್ಲಿ ತೊಳೆದು ಜರಡಿ ಹಿಡಿದ ಮರಳನ್ನು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ರಾಗಿ ಹಾಕಿ ಆಡಿಸಿದರೆ ಕ್ಷಣದಲ್ಲಿ ಬಿಳಿಯಾಗಿ ಅರಳುತ್ತದೆ. ಅರಳದೆ ಕಪ್ಪಾದರೆ ತೇವ ಸಾಲದು ಅಥವಾ ಮರಳು ಕಾದಿಲ್ಲ. ಮರಳನ್ನು ಪೂರ್ತಿ ಜರಡಿ ಹಿಡಿದು ತೆಗೆದು, ಅರಳನ್ನು ಬೀಸಿ. ಎರಡು ಕೆ.ಜಿ. ಡಬ್ಬದಲ್ಲಿರಲಿ, ಬೆಲ್ಲ ಮತ್ತು ನೀರು ಅಥವಾ ಹಾಲಿದ್ದರೆ ಊಟವಾಯಿತು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮನೆಯಲ್ಲೇ ತಿಂದು ಮುಗಿಸಿ ಹೊಸದು ಮಾಡಿ.

ನೀರು: ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್, ಎಲ್ಲ ಸೇರಿ ಕನಿಷ್ಠ 15 ಲೀಟರ್ ಬೇಕು. ಸಾವಿರ ಲೀಟರಿನ ತಾರಸಿ ಟ್ಯಾಂಕು ತುಂಬಿದ್ದರೆ ನಿಮ್ಮ ನಾಲ್ವರಿಗೆ ಹದಿನಾರು ದಿನ. ನೆರೆಯ ಸುದ್ದಿ ಬಂದೊಡನೆ ಟ್ಯಾಂಕು ತುಂಬಿಸಿ ಕೆಳಗಿನ ವಾಲ್ವ್ ಮುಚ್ಚಿಬಿಡಿ; ತೆರೆದಿದ್ದರೆ ಒಂದು ಒಡೆದ ನಲ್ಲಿಯಿಂದ ಎಲ್ಲ ಸೋರಿಹೋಗುತ್ತದೆ. ಎತ್ತಿಟ್ಟ ಹಣದ ಮೊದಲ ಪಾಲು ಮಳೆನೀರಿಗೆ ಹೋಗಲಿ. ಮಂಡ್ಯದ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. 60 ಚದರ ಮೀಟರ್ ತಾರಸಿಯಿಂದ, ಐದರಲ್ಲಿ ಒಂದು ಪಾಲು ನಷ್ಟವೆಂದು ಕಳೆದರೂ, 33 ಸಾವಿರ ಲೀಟರ್ ಮೀರಿ ಸಿಗುತ್ತದೆ. ಪ್ರತಿ ಮಳೆಯ ಮೊದಲ ನೀರು ಹಕ್ಕಿ ಹಿಕ್ಕೆ, ಧೂಳು ತೊಳೆದು ತರುತ್ತದೆ, ಅದನ್ನು ಹೊರಬಿಟ್ಟು ಆಮೇಲಿನದನ್ನು ಹಿಡಿಯಿರಿ.

ಬೆಳಕಿಗೆ 150 ಎಎಚ್ ಬ್ಯಾಟರಿ ಸಾಕು. 12 ವೋಲ್ಟಿಗೆ ಅದು 1,800 ವ್ಯಾಟ್-ಅವರ್. ಬಾಳಿಕೆ ಬರಬೇಕೆಂದರೆ ಅರ್ಧವನ್ನೇ ಬಳಸಬೇಕು. ಒಂಬತ್ತು ವ್ಯಾಟಿನ ಮೂರು ಎಲ್‌ಇಡಿ ಐದು ಗಂಟೆ, ಕಡಿಮೆ ಕರೆಂಟಿನಲ್ಲಿ ತಿರುಗುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಎಂಟು ಗಂಟೆ, ಮೊಬೈಲುಗಳು, ಎಲ್ಲ ಸೇರಿ ದಿನಕ್ಕೆ 435 ವ್ಯಾಟ್-ಅವರ್. ಹಳೆಯ 75 ವ್ಯಾಟಿನ ಫ್ಯಾನೊಂದೇ 600 ನುಂಗುತ್ತದೆ. ತಾರಸಿಯ ಮೇಲೆ ಸಬ್ಸಿಡಿ ಸೌರಫಲಕ ಹಾಕಿಸಿದರೆ ಕರೆಂಟು ಹೋದಾಗಲೂ ದೀಪ ಉರಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಬ್ಯಾಟರಿ ಇಲ್ಲದೆ ವಿದ್ಯುತ್ ಜಾಲಕ್ಕೆ ಜೋಡಿಸಿದ ಫಲಕ, ಕಂಬದ ಮೇಲಿರುವ ಲೈನ್‌ಮನ್ ಜೀವ ಕಾಯಲು, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಹಾಕಿಸುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ಗ್ಯಾಸ್ ಸಿಲಿಂಡರ್ ನೀರಿನಲ್ಲಿ ತೇಲುತ್ತದೆ, ತುಂಬಿದ್ದರೂ ತೇಲುತ್ತದೆ. ಸುಮಾರು 30 ಕೆ.ಜಿ. ತೂಕದ್ದು 35 ಲೀಟರಿನಷ್ಟು ನೀರು ಸರಿಸುತ್ತದೆ, ಅದಕ್ಕೇ. ಮನೆ ಬಿಡುವ ಮುನ್ನ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಕಿಟಕಿ ಸರಳಿಗೆ ಕಟ್ಟಿ. ಮೇನ್ ಸ್ವಿಚ್ ಆರಿಸಿ. ಹಸುಗಳನ್ನು ಮುಂಚೆಯೇ ಎತ್ತರದ ಜಾಗಕ್ಕೆ ಹೊಡೆಯಿರಿ. ಸಾಗಿಸಲು ಆಗದೇ ಹೋದರೆ ಕಣ್ಣಿ ಬಿಚ್ಚಿಬಿಡಿ, ದನ ಈಜಬಲ್ಲದು, ಗೂಟಕ್ಕೆ ಕಟ್ಟಿದ್ದು ಮುಳುಗುತ್ತದೆ. ಹುಲ್ಲಿನ ಮೆದೆಯನ್ನು ಕಲ್ಲಿನ ಅಟ್ಟಣೆಯ ಮೇಲೆ ಒಟ್ಟಿ. ಹಸುವಿಗೆ ದಿನಕ್ಕೆ ಐದಾರು ಕೆ.ಜಿ. ಒಣಹುಲ್ಲಿನ ಲೆಕ್ಕವಿರಲಿ.

ಕೊನೆಗೆ ಬಾವಿ. ನೆರೆ ಇಳಿದ ಮರುದಿನವೇ ಮೋಟರು ಹಚ್ಚಿ ಖಾಲಿ ಮಾಡಲು ಹೋಗಬೇಡಿ. ಸುತ್ತಲ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಒಳಗಿನ ನೀರಿನ ಆಸರೆ ತಪ್ಪಿದರೆ ಕಲ್ಲುಕಟ್ಟಡ ಕುಸಿಯಬಹುದು. ಕೆಲವು ದಿನ ಬಿಟ್ಟು, ನಿಧಾನವಾಗಿ ಎತ್ತಿ, ಕೆಸರು ತೆಗೆಸಿ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬಾರದು, ಹೊಗೆಯಲ್ಲಿ ಕೆಲಸಗಾರರು ಸಾಯುತ್ತಾರೆ. ನೀರು ಮತ್ತೆ ಊರಿ ತಿಳಿಯಾದ ಮೇಲೆ ಅಳೆಯಿರಿ: ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ, ಅಳತೆ ಮೀಟರಿನಲ್ಲಿರಲಿ. ಎರಡು ಮೀಟರ್ ವ್ಯಾಸ, ಮೂರು ಮೀಟರ್ ನೀರಿದ್ದರೆ 9,420 ಲೀಟರ್. ಸಾವಿರ ಲೀಟರಿಗೆ 60 ಗ್ರಾಂನಂತೆ ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 565 ಗ್ರಾಂ ಬೇಕು. ಐದಾರು ಪ್ಲಾಸ್ಟಿಕ್ ಬಕೆಟ್‌ಗೆ ಹಂಚಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗೆ ಸುರಿಯಿರಿ, ಸುಣ್ಣ ತಳದಲ್ಲಿ ಉಳಿಯಲಿ. ಬಿಂದಿಗೆಯನ್ನು ಹಲವು ಸಲ ಇಳಿಸಿ ಎತ್ತಿ ಕಲಕಿ. ಹನ್ನೆರಡು ಗಂಟೆ ಯಾರೂ ಮುಟ್ಟಬಾರದು. ಆಮೇಲೆ ವಾಸನೆ ಮಂದವಾಗುವವರೆಗೆ ನೀರೆತ್ತಿ ಚೆಲ್ಲಿ. ಮುಂದೆ ದಿನಬಳಕೆಗೆ ಸಾವಿರ ಲೀಟರಿಗೆ 2.5 ಗ್ರಾಂ, ಅಂದರೆ ನಿಮ್ಮ ಬಾವಿ ಇದೇ ಅಳತೆಯದಾದರೆ 24 ಗ್ರಾಂ, ರಾತ್ರಿ ಹಾಕಿ ಬೆಳಗ್ಗೆ ಸೇದಿ. ಕ್ಲೋರಿನ್ನಾಗಲಿ ಕುದಿಸುವುದಾಗಲಿ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಗದ್ದೆ, ಕಬ್ಬಿನ ತೋಟದಿಂದ ತೊಳೆದು ಬಂದ ಕ್ರಿಮಿನಾಶಕ ಔಷಧಿಯನ್ನು ತೆಗೆಯುವುದಿಲ್ಲ. ಆದ್ದರಿಂದ ನೆರೆಯ ನಂತರ ಪರೀಕ್ಷೆ ಮಾಡಿಸುವವರೆಗೂ ಕುಡಿಯಲು ಮಳೆನೀರನ್ನೇ ಬಳಸಿ, ಅದನ್ನೂ ಕುದಿಸಿ ಆರಿಸಿ. ಬ್ಲೀಚಿಂಗ್ ಪುಡಿಯನ್ನು ಮೇ ಕೊನೆಯಲ್ಲಿ ಹೊಸದಾಗಿ ತನ್ನಿ. ಹೋದ ವರ್ಷದ ಪೊಟ್ಟಣದಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಅದನ್ನು ಬಾವಿಗೆ ಹಾಕಬೇಡಿ.