ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟಾರು) ತಿರುಗಿದಾಗಲೆಲ್ಲ ಆರ್ಡುಯಿನೋ ಊನೋ ಬೋರ್ಡು ರೀಸೆಟ್ ಆಗುತ್ತದೆ, ಯಾಕೆ?

ಕೋಡ್ ಸರಿಯಾಗೇ ಇರಬಹುದು, ಕರೆಂಟ್ ಸಾಲುತ್ತಿಲ್ಲ. ಎಸ್‌ಜಿ90ಯಂಥ ಪುಟ್ಟ ಸರ್ವೋ ಕೂಡ ಹೊರಡುವಾಗ, ಅಥವಾ ಎಲ್ಲಾದರೂ ಸಿಕ್ಕಿಕೊಂಡಾಗ, 500 ಮಿಲಿಆಂಪಿಯರ್‌ಗಿಂತ ಜಾಸ್ತಿ ಎಳೆಯಬಲ್ಲದು. ಊನೋದ ಯುಎಸ್‌ಬಿ ಫ್ಯೂಸ್ ಇರುವುದೇ 500ಕ್ಕೆ. 5 ವೋಲ್ಟ್ ಗಕ್ಕನೆ ಕುಸಿಯುತ್ತದೆ, ಬೋರ್ಡು ಮತ್ತೆ ಮೊದಲಿಂದ ಶುರು. ಮಲ್ಟಿಮೀಟರಿಗೆ ಈ ಕುಸಿತ ಕಾಣದೆಯೂ ಹೋಗಬಹುದು, ಅಷ್ಟು ಚುಟುಕು.

ಸರ್ವೋದ ಕೆಂಪು ತಂತಿಯನ್ನು ಬೋರ್ಡಿನಿಂದ ಕಿತ್ತು, ಬೇರೆ 5 ವೋಲ್ಟ್, 1 ಆಂಪಿಯರ್ ಅಡಾಪ್ಟರಿನ ಪ್ಲಸ್‌ಗೆ ಕೊಡಿ. ಕಂದು ತಂತಿ ಮಾತ್ರ ಅಡಾಪ್ಟರಿನ ಮೈನಸ್‌ಗೂ ಬೋರ್ಡಿನ ಗ್ರೌಂಡಿಗೂ ಸೇರಬೇಕು. ಇದನ್ನು ಮರೆತರೆ ಸರ್ವೋ ಸುಮ್ನೆ ನಡುಗುತ್ತಾ ಕೂರುತ್ತದೆ. ನಾನೂ ಹೀಗೆ ಒಂದು ಸಂಜೆ ಹಾಳು ಮಾಡಿಕೊಂಡಿದ್ದೆ! ಗಕ್ಕನೆ ಬೇಕಾಗುವ ಕರೆಂಟಿಗೆ ಆಸರೆಯಾಗಲು ಸರ್ವೋ ಪಕ್ಕದಲ್ಲೇ ಪ್ಲಸ್-ಮೈನಸ್ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಪಟ್ಟಿ ಇರುವ ಕಾಲು ಮೈನಸ್‌ಗೆ. ಚೌಕದ 9 ವೋಲ್ಟ್ ಬ್ಯಾಟರಿ ಮಾತ್ರ ಬೇಡ, ಅದಕ್ಕೆ ಇಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ.