ಎನ್‌ವಿಎಂಇಗೆ ಕ್ಲೋನ್ ಮಾಡಿದ ಡೆಬಿಯನ್ ಬೂಟ್ ಆಗ್ತಿಲ್ಲ: ನನ್ನ ಉತ್ತರ

ಗಾಬರಿ ಬೇಡ ಸರ್, ಡೇಟಾ ಎಲ್ಲೂ ಹೋಗಿಲ್ಲ. ಡೆಬಿಯನ್ (ಲಿನಕ್ಸಿನ ಒಂದು ಬಗೆ) ಇದ್ದ ಹಳೇ ಲ್ಯಾಪ್‌ಟಾಪಿನ ಸಾಟಾ ಎಸ್‌ಎಸ್‌ಡಿಯನ್ನು ಹೊಸದರ ಎನ್‌ವಿಎಂಇಗೆ (ಬೇರೆ ಬಗೆಯ, ಇನ್ನೂ ವೇಗದ ಎಸ್‌ಎಸ್‌ಡಿ) ಕ್ಲೋನ್, ಅಂದರೆ ಇದ್ದ ಹಾಗೇ ನಕಲು, ಮಾಡಿದಿರಿ. ಆನ್ ಮಾಡಿದರೆ ‘ಯುಯುಐಡಿ ಡಸ್ ನಾಟ್ ಎಕ್ಸಿಸ್ಟ್’ (ಆ ಗುರುತಿನ ಪಾರ್ಟಿಷನ್ ಸಿಗಲಿಲ್ಲ) ಅಂತ ಹೇಳಿ ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಕಮಾಂಡ್ ಪ್ರಾಂಪ್ಟಿನಲ್ಲಿ ನಿಂತುಬಿಡುತ್ತಿದೆ. ಡಿಸ್ಕನ್ನು ಸುಮ್ನೆ ವಾಪಸ್ ಕಳಿಸಬೇಡಿ. ಬೂಟ್ ಶುರುಮಾಡುವ ಗ್ರಬ್ ಪ್ರೋಗ್ರಾಮು ಅದೇ ಡಿಸ್ಕಿನಿಂದ ಕರ್ನಲ್ (ಲಿನಕ್ಸಿನ ತಿರುಳು) ಎತ್ತಿಕೊಂಡು ಬಂದಿದೆ ಅಲ್ವಾ?

ಗ್ರಬ್‌ಗೆ ಲ್ಯಾಪ್‌ಟಾಪಿನೊಳಗೇ ಇರುವ ಬಯಾಸೇ ಡಿಸ್ಕ್ ಓದಿಕೊಡುತ್ತದೆ. ಕರ್ನಲ್‌ಗೆ ತನ್ನದೇ ಡ್ರೈವರ್ ಬೇಕು, ಆದರೆ ಆ ಡ್ರೈವರ್ ಇರುವುದು ಡಿಸ್ಕಿನೊಳಗೆ. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದಕ್ಕೇ ಮುಖ್ಯ ಮಾಡ್ಯೂಲ್‌ಗಳ (ಡ್ರೈವರ್ ತುಣುಕುಗಳ) ಗಂಟೊಂದನ್ನು ಗ್ರಬ್ ಮೊದಲೇ ರ‍್ಯಾಮಿಗೆ ತಂದು ಹಾಕುತ್ತದೆ. ಇನಿಟ್‌ಆರ್‌ಡಿ ಅಥವಾ ಇನಿಟ್‌ರಾಮ್‌ಎಫ್‌ಎಸ್ ಅಂದರೆ ಅದೇ. ನಿಮ್ಮ ಗಂಟಿನಲ್ಲಿ ಎನ್‌ವಿಎಂಇ ಮಾಡ್ಯೂಲ್ ಇಲ್ಲ ಅಂತ ನನ್ನ ಗುಮಾನಿ.

ಖಾತ್ರಿ ಮಾಡಿಕೊಳ್ಳಿ. (ಕಮಾಂಡುಗಳನ್ನು ಉಚ್ಚಾರದ ಹಾಗೆ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.) ಆ ಪ್ರಾಂಪ್ಟಿನಲ್ಲೇ ‘ಬಿಎಲ್‌ಕೆಐಡಿ’ ಕೊಡಿ, ಕಾಣುವ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಏನೂ ಬರದಿದ್ದರೆ ‘ಮಾಡ್‌ಪ್ರೋಬ್ ಎನ್‌ವಿಎಂಇ’ ಕೊಟ್ಟು ಮಾಡ್ಯೂಲ್ ಲೋಡ್ ಮಾಡಿ ನೋಡಿ. ‘ನಾಟ್ ಫೌಂಡ್’ ಅಂದರೆ ಗಂಟಿನಲ್ಲಿ ಮಾಡ್ಯೂಲ್ ಇಲ್ಲವೇ ಇಲ್ಲ. ಲೋಡ್ ಆಗಿ ಡಿಸ್ಕ್ ಕಂಡರೆ ‘ಎಕ್ಸಿಟ್’ ಹೊಡೆಯಿರಿ, ಬೂಟ್ ಮುಂದುವರಿಯುತ್ತದೆ.

ಇಲ್ಲದಿದ್ದರೆ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಇಲ್ಲದೇ ಓಡುವ ಲಿನಕ್ಸ್) ಎದ್ದು, ರೂಟ್ ಪಾರ್ಟಿಷನ್ (ಡೆಬಿಯನ್ ಇರುವ ಭಾಗ) ಮೌಂಟ್ ಮಾಡಿ, ಅಂದರೆ ಒಂದು ಫೋಲ್ಡರಿಗೆ ಜೋಡಿಸಿ. ಬೂಟ್ ಪಾರ್ಟಿಷನ್ ಬೇರೆ ಇದ್ದರೆ ಅದನ್ನೂ ಮರೆಯದೆ ಮೌಂಟ್ ಮಾಡಿ. ಡೆವ್, ಪ್ರೋಕ್, ಸಿಸ್ ಅನ್ನೋ ಸಿಸ್ಟಂ ಫೋಲ್ಡರ್ ಮೂರನ್ನೂ ಅದರೊಳಗೆ ಬೈಂಡ್ ಮಾಡಿ (ಅಲ್ಲೂ ಕಾಣುವ ಹಾಗೆ ಜೋಡಿಸಿ) ಸಿಎಚ್‌ರೂಟ್‌ಗೆ ಇಳಿಯಿರಿ, ಅಂದರೆ ನಿಮ್ಮ ಡೆಬಿಯನ್ ಒಳಗಿಂದಲೇ ಕಮಾಂಡ್ ಕೊಡುವ ಹಾಗೆ.

ನಾನು ಅರ್ಧ ದಿನ ಕಳೆದದ್ದು ಇಲ್ಲೇ. ಇಟಿಸಿ ಕೆಳಗಿನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿನ ಮುಖ್ಯ ಕಾನ್ಫ್ (ಸೆಟ್ಟಿಂಗ್) ಫೈಲಿನಲ್ಲಿ ‘ಮಾಡ್ಯೂಲ್ಸ್=ಮೋಸ್ಟ್’ (ಹೆಚ್ಚಿನ ಡ್ರೈವರ್‌ಗಳನ್ನೆಲ್ಲ ಸೇರಿಸು) ಅಂತಲೇ ಇತ್ತು. ಎಲ್ಲ ಸರಿಯಿದೆ ಅಂದುಕೊಂಡೆ. ಇನ್‌ಸ್ಟಾಲ್ ಮಾಡುವಾಗ ‘ಟಾರ್ಗೆಟೆಡ್’ ಅಂತ ಆರಿಸಿದ್ದರೆ, ಪಕ್ಕದ ಕಾನ್ಫ್.ಡಿ ಒಳಗೆ ಡ್ರೈವರ್-ಪಾಲಿಸಿ ಅನ್ನೋ ಫೈಲ್ ಕೂತಿರುತ್ತದೆ. ಅದರಲ್ಲಿ ‘ಮಾಡ್ಯೂಲ್ಸ್=ಡೆಪ್’. ನಡೆಯುವುದು ಅದರ ಮಾತೇ! ಡೆಪ್ ಅಂದರೆ ಆಗ ಎದುರಿಗಿದ್ದ ಮಷೀನಿಗೆ ಬೇಕಾದ ಡ್ರೈವರ್ ಮಾತ್ರ. ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಸಾಟಾ ಸಾಕಿತ್ತು. ಡೆಪ್ ತೆಗೆದು ಮೋಸ್ಟ್ ಮಾಡಿ. ಗಂಟು ಸ್ವಲ್ಪ ದಪ್ಪಗಾಗುತ್ತದೆ, ಆಗಲಿ ಬಿಡಿ.

ಆಮೇಲೆ ಗಂಟನ್ನು ಹೊಸದಾಗಿ ಕಟ್ಟಲು ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’. ಬೂಟ್ ಪಾರ್ಟಿಷನ್ ತುಂಬಿದ್ದರೆ ಇದು ಅರ್ಧಕ್ಕೇ ಕೈ ಕೊಡುತ್ತದೆ, ಹಾಗಾಗಿ ಮೊದಲು ‘ಡಿಎಫ್’ ಹಾಕಿ ಜಾಗ ನೋಡಿ. ಮುಗಿದ ಮೇಲೆ ‘ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್’ ಕೊಟ್ಟು, ಗಂಟಿನೊಳಗಿನ ಪಟ್ಟಿಯಲ್ಲಿ ಎನ್‌ವಿಎಂಇ ಹೆಸರನ್ನು ಗ್ರೆಪ್ ಮಾಡಿ (ಹುಡುಕಿ). ಕಂಡರೆ ಮಾತ್ರ ರೀಬೂಟ್.

ಮಾಡ್ಯೂಲ್ ಇದ್ದೂ ಡಿಸ್ಕ್ ಕಾಣದಿದ್ದರೆ ಬಯಾಸಿನಲ್ಲಿ ಇಂಟೆಲ್ ವಿಎಂಡಿ (ಎನ್‌ವಿಎಂಇ ಡಿಸ್ಕುಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಆಗ ‘ವಿಎಂಡಿ’ ಮಾಡ್ಯೂಲ್ ಕೂಡ ಬೇಕು. ಆಫ್ ಮಾಡಿದರೂ ನಡೆಯುತ್ತದೆ, ಆದರೆ ಪಕ್ಕದಲ್ಲಿ ವಿಂಡೋಸ್ ಇದ್ದರೆ ಅದು ಏಳದೇ ಹೋಗಬಹುದು. ಅಲ್ಲಿಗೂ ಆಗದಿದ್ದರೆ ‘ಡಿಎಂಇಎಸ್‌ಜಿ’ ಕೊಟ್ಟು, ಬರುವ ಕರ್ನಲ್ ಸಂದೇಶಗಳ ಕೊನೆಯ ಸಾಲುಗಳ ಫೋಟೊ ಹಾಕಿ, ನೋಡೋಣ.