ಬಿಯರ್ ಮಾಡುವಾಗ ಯೀಸ್ಟ್‌ಗೆ ಪೋಷಕ ಪುಡಿ ಹಾಕಬೇಕಾ?

ಪೂರ್ತಿ ಬಾರ್ಲಿ ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಮಾಡುವುದಾದರೆ ಬೇಡ. ಮಾಲ್ಟ್ ಜೊತೆ ಬೆಲ್ಲ ಜಾಸ್ತಿ ಹಾಕುವುದಾದರೆ ಬೇಕು.

ಸಕ್ಕರೆಯಿಂದ ಯೀಸ್ಟ್‌ಗೆ ಶಕ್ತಿ ಸಿಗುತ್ತದೆ. ಆದರೆ ಅದು ಬೆಳೆದು ಹೆಚ್ಚಾಗಲು ಸಾರಜನಕ ಬೇಕು. ಮಾಲ್ಟ್‌ನಲ್ಲಿ ಅದು ಸಾಕಷ್ಟಿದೆ, ಬೆಲ್ಲದಲ್ಲಿ ತೀರಾ ಕಡಿಮೆ. ನಮ್ಮ ಮುಧೋಳದ ಕಡೆ ಕಬ್ಬಿಗೆ ಬರೀ ನೀರು ಬಿಟ್ಟು ಗೊಬ್ಬರ ಹಾಕದಿದ್ದರೆ ಎಲೆ ಹಳದಿಯಾಗುತ್ತದಲ್ವಾ, ಹಾಗೇ ಇದು. ಹಸಿದ ಯೀಸ್ಟ್ ಅರ್ಧಕ್ಕೇ ನಿಂತುಬಿಡುತ್ತದೆ. ಗುಳ್ಳೆ ನಿಂತಿರುತ್ತವೆ, ರುಚಿ ನೋಡಿದರೆ ಇನ್ನೂ ಸಿಹಿ. ಕೆಲವೊಮ್ಮೆ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ.

ಪುಡಿ ಸಿಗದಿದ್ದರೆ ಬ್ರೆಡ್ಡಿಗೆ ಹಾಕುವ ಒಣ ಯೀಸ್ಟ್ ಒಂದು ಚಮಚ ಸಾಕು. ಮಾಲ್ಟ್, ಬೆಲ್ಲದ ರಸ ಕುದಿಯುವ ಕೊನೆಯ 10 ನಿಮಿಷದಲ್ಲಿ ಹಾಕಿ. ಅದು ಕುದಿಗೆ ಸತ್ತು, ಆಮೇಲೆ ಹಾಕುವ ಬಿಯರ್ ಯೀಸ್ಟ್‌ಗೆ ಊಟವಾಗುತ್ತದೆ. ಹೊಲದ ಯೂರಿಯಾ ಮಾತ್ರ ಬೇಡವೇ ಬೇಡ. ಅದು ಆಲ್ಕೋಹಾಲ್ ಜೊತೆ ಸೇರಿದರೆ ಕ್ಯಾನ್ಸರ್ ತರಬಲ್ಲ ಈಥೈಲ್ ಕಾರ್ಬಮೇಟ್ ಹುಟ್ಟುತ್ತದೆ.

ಹಾಂ, ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಒಲೆ ಹಚ್ಚುವ ಮೊದಲು ಅದನ್ನು ವಿಚಾರಿಸಿಕೊಳ್ಳಿ.